ಸ್ಕಾಟ್ಲೆಂಡಿನ ಹಾಗೆ ಕಾಣದ ಸ್ಕಾಟ್ಲೆಂಡು

ಹೆಣ್ಣು ನೋಡಲು ಹೋದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ‘ಫೋಟೋದಲ್ಲಿದ್ದ ಹಾಗಿಲ್ಲ’ ಎಂದು ಎದ್ದು ಬರುವುದುಂಟು. ಹಾಲಿವುಡ್ಡಿನ ನಿರ್ಮಾಪಕ ಆರ್ಥರ್ ಫ್ರೀಡ್ ಒಂದು ಇಡೀ ನಾಡಿಗೇ ಹಾಗೆ ಮಾಡಿದ. ‘ಬ್ರಿಗಡೂನ್’ ಚಿತ್ರಕ್ಕೆ ಹಳ್ಳಿ ಹುಡುಕುತ್ತ ಸ್ಕಾಟ್ಲೆಂಡಿಗೆ ಹೋದವನು ವಾಪಸ್ ಬಂದು, ಅಲ್ಲಿ ಸ್ಕಾಟ್ಲೆಂಡಿನ ಹಾಗೆ ಕಾಣುವಂಥದ್ದು ಏನೂ ಸಿಗಲಿಲ್ಲ ಎಂದನಂತೆ. 1954ರಲ್ಲಿ ತೆರೆಗೆ ಬಂದ ಆ ಚಿತ್ರದ ಬೆಟ್ಟ, ಬಯಲು, ಮಂಜು ಅಷ್ಟೂ ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ ಹುಟ್ಟಿದವು.

ಪಾಪ, ಅವನನ್ನು ಬೈದು ಪ್ರಯೋಜನವಿಲ್ಲ. ಅವನ ತಲೆಯಲ್ಲಿದ್ದ ಸ್ಕಾಟ್ಲೆಂಡನ್ನು ಹೊಲಿದು ಕೊಟ್ಟವರು ಸ್ಕಾಟರೇ. 1746ರಲ್ಲಿ ಕಲೋಡನ್ ಯುದ್ಧದಲ್ಲಿ ದೊರೆಯ ವಿರುದ್ಧ ಎದ್ದ ಸ್ಕಾಟ್ ದಂಗೆಕೋರರು ಸೋತ ಮೇಲೆ, ಹೈಲ್ಯಾಂಡಿನ, ಅಂದರೆ ಉತ್ತರದ ಗುಡ್ಡಗಾಡಿನ, ಗಂಡಸರು ಕಿಲ್ಟ್ ಎಂಬ ನೆರಿಗೆ ಲಂಗ ಉಡಕೂಡದೆಂದು ಲಂಡನ್ ಕಾನೂನು ಮಾಡಿತು. ಅದು ರದ್ದಾದದ್ದು 1782ರಲ್ಲಿ. ಮತ್ತೆ ನಲವತ್ತು ವರ್ಷಕ್ಕೆ, 1822ರಲ್ಲಿ, ನಾಲ್ಕನೇ ಜಾರ್ಜ್ ದೊರೆಯ ಸವಾರಿ ಎಡಿನ್‌ಬರೊಗೆ ಬಂತು. ಉತ್ಸವದ ಉಸ್ತುವಾರಿ ಕಾದಂಬರಿಕಾರ ವಾಲ್ಟರ್ ಸ್ಕಾಟನದು. ಹೈಲ್ಯಾಂಡಿನವರೆಂದರೆ ದನಗಳ್ಳರೆಂದು ಮೂಗು ಮುರಿಯುತ್ತಿದ್ದ ಪೇಟೆಯ ಗಣ್ಯರೆಲ್ಲ ಟಾರ್ಟನ್ ಎಂಬ ಚೌಕುಳಿ ಬಟ್ಟೆ ಹೊಲಿಸಲು ದರ್ಜಿಗಳ ಬಾಗಿಲಿಗೆ ಬಿದ್ದರು. ದೊರೆಯ ಪೋಷಾಕಿನ ಬಿಲ್ಲೇ 1,354 ಪೌಂಡ್ 18 ಶಿಲಿಂಗ್. ಅಷ್ಟು ಸುರಿದರೂ ಕಿಲ್ಟ್ ಮೊಣಕಾಲು ಮುಟ್ಟಲಿಲ್ಲ. ಕೆಳಗೆ ಗುಲಾಬಿ ಬಣ್ಣದ ಬಿಗಿ ಕಾಲುಚೀಲ ಕಾಣುತ್ತಿತ್ತು. ನಮ್ಮ ನಾಯಕರು ಹೋದ ಹೋದ ಊರಲ್ಲಿ ಪೇಟ ಸುತ್ತಿಸಿಕೊಂಡು, ಕಂಬಳಿ ಹೊದ್ದು, ಡೊಳ್ಳಿಗೆ ನಾಲ್ಕೇಟು ಹಾಕಿ ಫೋಟೋಗೆ ನಿಲ್ಲುತ್ತಾರಲ್ಲ, ಅವರೆಲ್ಲರಿಗೂ ಈ ಜಾರ್ಜನೇ ಮೂಲಪುರುಷ.

ಆಮೇಲೆ 1995ರಲ್ಲಿ, ಇಂಗ್ಲಿಷರ ವಿರುದ್ಧ ಕತ್ತಿ ಎತ್ತಿದ ಸ್ಕಾಟಿಷ್ ವೀರ ವಿಲಿಯಂ ವಾಲೇಸನ ಕಥೆ ಹೇಳುವ ‘ಬ್ರೇವ್‌ಹಾರ್ಟ್’ ಸಿನಿಮಾ ಬಂತು. ಬಹುಪಾಲು ಚಿತ್ರೀಕರಣ ಐರ್ಲೆಂಡಿನಲ್ಲಿ. ಐರಿಶ್ ಸೇನೆಯ ಮೀಸಲು ಪಡೆಯ ಹುಡುಗರೇ ಇಂಗ್ಲಿಷ್ ಸೈನ್ಯ, ಅವರೇ ಸ್ಕಾಟಿಷ್ ಸೈನ್ಯ. 1297ರಲ್ಲಿ ವಿಲಿಯಂ ವಾಲೇಸನ ಕಡೆಯವರು ಗೆದ್ದದ್ದು ಸ್ಟರ್ಲಿಂಗ್ ಸೇತುವೆಯ ದೆಸೆಯಿಂದ. ಆ ಇಕ್ಕಟ್ಟಿನಲ್ಲಿ ಶತ್ರುಗಳು ಅರ್ಧ ದಾಟುವವರೆಗೆ ಕಾದು ಮೇಲೆ ಬಿದ್ದರು. ಸಿನಿಮಾದಲ್ಲಿ ಯುದ್ಧ ಇದೆ, ಸೇತುವೆ ಇಲ್ಲ. ಗದೆಯಿಲ್ಲದ ಗದಾಯುದ್ಧ! ನಾಯಕ ಉಟ್ಟ ಕಿಲ್ಟ್ ಆ ಕಾಲಕ್ಕೆ ಇನ್ನೂ ಹುಟ್ಟಿರಲಿಲ್ಲ. ಅವನಿಗೆ ಮನಸೋಲುವ ಫ್ರೆಂಚ್ ರಾಜಕುಮಾರಿ ಇಸಬೆಲ್ಲಾ, 1305ರಲ್ಲಿ ವಾಲೇಸನನ್ನು ಕೊಂದಾಗ, ಫ್ರಾನ್ಸಿನಲ್ಲಿದ್ದ ಹತ್ತು ವರ್ಷದ ಆಸುಪಾಸಿನ ಹುಡುಗಿ. ಆಸ್ಕರ್ ಐದು ಬಂದವು ಅನ್ನಿ. ಇತಿಹಾಸಕ್ಕೆ ಒಂದಾದರೂ ಕೊಟ್ಟಿದ್ದರೆ ಆಗ ಕೇಳಬಹುದಿತ್ತು.

ಇಲ್ಲಿಯವರೆಗಿನದು ಸಿನಿಮಾದವರ ತಂಟೆ. ಊರಿನವರದು ಇನ್ನೂ ಸೊಗಸು. ಸ್ಟರ್ಲಿಂಗ್ ಹತ್ತಿರ ವಾಲೇಸನ ನೆನಪಿಗೆ 1869ರಲ್ಲೇ ಮುಗಿದ ಗೋಪುರವಿದೆ, 246 ಮೆಟ್ಟಿಲು. 1997ರಲ್ಲಿ ಗುಡ್ಡದ ಬುಡದ ಕಾರ್ ಪಾರ್ಕಿಂಗ್‌ನಲ್ಲಿ ಅವನದೊಂದು ಕಲ್ಲಿನ ಪ್ರತಿಮೆ ನಿಲ್ಲಿಸಿದರು. ಮುಖ ಮಾತ್ರ ಸಿನಿಮಾದ ನಾಯಕ ಮೆಲ್ ಗಿಬ್ಸನ್‌ನದು. ಗುರಾಣಿಯ ಮೇಲೆ ಸಿನಿಮಾದ ಹೆಸರು. ನೋಡಿ ಮೈ ಉರಿದ ಯಾರೋ ಮುಖ ಕೆತ್ತಿ ಹಾಕಿದರು. ರಕ್ಷಣೆಗೆಂದು ಸುತ್ತ ಪಂಜರ ಬಂತು. ಸಿನಿಮಾದಲ್ಲಿ ‘ಸ್ವಾತಂತ್ರ್ಯ’ ಎಂದು ಕಿರುಚುತ್ತ ಸತ್ತ ವೀರ, ಹೀಗೆ, ಕಾರುಗಳ ಮಧ್ಯೆ ಕಂಬಿ ಎಣಿಸುತ್ತ ನಿಂತ. ಮೃಗಾಲಯದಲ್ಲಾದರೆ ಹೊತ್ತಿಗೆ ಊಟವಾದರೂ ಸಿಗುತ್ತದೆ. ಕೊನೆಗೆ ಪ್ರತಿಮೆಯನ್ನು ಶಿಲ್ಪಿಯ ಮನೆಗೇ ವಾಪಸ್ ಕಳಿಸಿದರು.

ವಾಲ್ಟರ್ ಸ್ಕಾಟ್ ನಮ್ಮನ್ನೂ ಬಿಟ್ಟವನಲ್ಲ. ಅವನ 1827ರ ‘ದಿ ಸರ್ಜನ್ಸ್ ಡಾಟರ್’ ಸ್ಕಾಟ್ಲೆಂಡಿನಲ್ಲಿ ಶುರುವಾಗಿ ಹೈದರಾಲಿ, ಟಿಪ್ಪುವಿನ ಮೈಸೂರು ಸೀಮೆಗೆ ಬಂದು, ಬೆಂಗಳೂರಿನಲ್ಲಿ ಖಳನನ್ನು ಆನೆಯ ಕಾಲಿಗೆ ಹಾಕುತ್ತದೆ. ಸ್ಕಾಟ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಏನೂ ಗೊತ್ತಿಲ್ಲದಿದ್ದರೇ ಇನ್ನೂ ಚೆನ್ನಾಗಿ ಹೇಳಬಹುದು ಎಂದು ಆ ಪುಸ್ತಕದ ಪೀಠಿಕೆಯ ಪಾತ್ರವೊಂದು ಕಥೆಗಾರನ ಬೆನ್ನು ತಟ್ಟುತ್ತದೆ. ಫ್ರೀಡ್ ಎಷ್ಟೋ ವಾಸಿ, ಟಿಕೆಟ್ ತೆಗೆದು ಹೋಗಿಯಾದರೂ ಬಂದ.

ಮೊನ್ನೆ ಮಡಿಕೇರಿಯ ಹೋಂಸ್ಟೇ ಒಂದರ ಬೋರ್ಡಿನ ಮೇಲೆ ‘ಭಾರತದ ಸ್ಕಾಟ್ಲೆಂಡಿಗೆ ಸ್ವಾಗತ’ ಅಂತಿತ್ತು. ಯಾವ ಸ್ಕಾಟ್ಲೆಂಡು, ಕ್ಯಾಲಿಫೋರ್ನಿಯಾದ್ದೋ ಐರ್ಲೆಂಡಿನದೋ ಎಂದು ಮಾಲೀಕರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಸಾರ್, ಬಿಸಿನೀರು ಎಂಟು ಗಂಟೆವರೆಗೆ ಮಾತ್ರ’ ಅಂದರು.