ಸತ್ಯಾಂಶ: ಬೈಗುಳದ 'ಉಗಿ'ಗೂ ಹಬೆಗೂ ಸಂಬಂಧವಿಲ್ಲ

'ಕೋಪ ಬಂದಾಗ ತಲೆಯಿಂದ ಹಬೆ ಬರುತ್ತದೆ, ಹಬೆ ಅಂದ್ರೆ ಉಗಿ, ಅದಕ್ಕೇ ಜೋರಾಗಿ ಬೈಯೋದಕ್ಕೆ ಉಗಿಯೋದು ಅಂತಾರೆ' ಎಂಬ ಮೆಸೇಜ್ ಓಡಾಡುತ್ತಿದೆ. ಕೇಳಲು ಚೆಂದ, ಆದರೆ ತಪ್ಪು.

ಹಬೆ ಎಂಬ ಅರ್ಥದ 'ಉಗಿ' ನಾಮಪದ. ಉಗಿಬಂಡಿಯಲ್ಲಿ ಇರುವುದು ಅದೇ. ಬೈಯುವ 'ಉಗಿ' ಕ್ರಿಯಾಪದ, ಅದರ ನೇರ ಅರ್ಥ ಉಗುಳು. 'ಕ್ಯಾಕರಿಸಿ ಉಗಿದರು' ಎಂಬ ಮಾತನ್ನೇ ನೋಡಿ. ಕ್ಯಾಕರಿಸುವುದು ಗಂಟಲಿನ ಕಫ ಎಳೆಯಲು, ಅಲ್ವಾ? ಅಲ್ಲಿ ಹಬೆಗೆ ಜಾಗವೇ ಇಲ್ಲ. 'ಥೂ' ಎನ್ನುವುದೂ ಉಗುಳುವ ಸದ್ದೇ. ಮುಖಕ್ಕೆ ಉಗುಳುವುದು ದೊಡ್ಡ ಅವಮಾನ. ಆ ಅವಮಾನವೇ ಮಾತಿಗೆ ಇಳಿದು ಬೈಗುಳವಾಯಿತು.

ಹಾಗಾಗಿ ಇದು 'ಗದರು', 'ಬೈ' ಎರಡಕ್ಕಿಂತ ಖಾರ. ಮಗು ಬೀದಿಗೆ ಓಡಿದರೆ ಗದರುತ್ತೇವೆ. ಕೊಟ್ಟ ಮಾತಿಗೆ ತಪ್ಪಿದವನಿಗೆ ಉಗಿಯುತ್ತೇವೆ. ಈಗ ಗೆಳೆಯರ ನಡುವೆ ಇದರ ಖಾರ ಸ್ವಲ್ಪ ಇಳಿದಿದೆ. 'ಲೇಟಾಗಿ ಹೋಗಿ ಉಗಿಸಿಕೊಂಡೆ' ಎಂದರೆ ಸುಮ್ನೆ ಬೈಸಿಕೊಂಡೆ ಅಂತಷ್ಟೇ. ಆದರೆ ಹಿರಿಯರ ಮುಂದೆ, ಅರ್ಜಿ-ಪತ್ರಗಳಲ್ಲಿ ಈ ಪದ ಬೇಡ. ಅಲ್ಲಿ 'ತರಾಟೆಗೆ ತೆಗೆದುಕೊಂಡರು' ಎಂದರೆ ಸಾಕು.