ಕಲ್ಲಲ್ವಾ ಮೇಡಂ, ಏನಾಗುತ್ತೆ?

ರೂಮಿಗೆ ಬಂದು ಎರಡು ಗಂಟೆ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ.

ಇವತ್ತು ಕ್ಯೋಟೋದ ಅರಶಿಯಾಮಾಕ್ಕೆ ಹೋಗಿದ್ದೆ. ಬಿದಿರು ತೋಪಿನ ಜನಜಂಗುಳಿ ದಾಟಿ ಸುಮ್ನೆ ನಡೆಯುತ್ತಾ ಹೋದರೆ ಗುಡ್ಡದ ಮೇಲೆ ಓತಾಗಿ ನೆನ್‌ಬುತ್ಸು-ಜಿ ಅನ್ನುವ ಬೌದ್ಧ ದೇವಸ್ಥಾನ ಸಿಗುತ್ತದೆ. ಇಳಿಜಾರಿನ ತುಂಬ 1200 ಕಲ್ಲಿನ ರಾಕಾನ್‌ಗಳು, ಅಂದರೆ ಬುದ್ಧನ ಶಿಷ್ಯರು. ನಮ್ಮ ‘ಅರ್ಹಂತ’ ಪದವೇ ಅಲ್ಲಿ ರಾಕಾನ್ ಆಗಿದೆ. ಒಬ್ಬ ನಗುತ್ತಾನೆ, ಒಬ್ಬನ ಕೈಯಲ್ಲಿ ಟೆನಿಸ್ ಬ್ಯಾಟು, ಇಬ್ಬರು ಕುಡಿಯುತ್ತಾ ಕೂತಿದ್ದಾರೆ. ಎಲ್ಲರ ಮೇಲೂ ಹಸಿರು ಪಾಚಿ.

ಅಷ್ಟರಲ್ಲಿ ಕನ್ನಡ ಕೇಳಿಸಿತು. ಖುಷಿಯಿಂದ ತಿರುಗಿದೆ. ಒಬ್ಬರು ಒಂದು ವಿಗ್ರಹದ ತಲೆಗೆ ಟೋಪಿ ಹಾಕಿ, ಕೂಲಿಂಗ್ ಗ್ಲಾಸ್ ಸಿಕ್ಕಿಸಿ, ಭುಜದ ಮೇಲೆ ಮಗುವನ್ನು ಕೂರಿಸಿ ಫೋಟೋ ತೆಗೆಯುತ್ತಿದ್ದರು. “ಸರ್, ಬೇಡ” ಅಂದೆ. “ಕಲ್ಲಲ್ವಾ ಮೇಡಂ, ಏನಾಗುತ್ತೆ?” ಅಂದರು. ಕನ್ನಡಕ ಕಿತ್ತಾಗ ಕಿವಿಯ ಹತ್ತಿರದ ಪಾಚಿ ರೂಪಾಯಿ ಅಗಲ ಕಿತ್ತುಕೊಂಡು ಬಂತು.

ಕಲ್ಲಂತೆ! 1950ರ ಚಂಡಮಾರುತಕ್ಕೆ ಹಾಳಾಗಿದ್ದ ದೇವಸ್ಥಾನ ಅದು. 1955ರಲ್ಲಿ ನಿಶಿಮುರಾ ಕೋಚೋ ಅನ್ನುವ ಶಿಲ್ಪಿ ಅಲ್ಲಿಯ ಮುಖ್ಯ ಅರ್ಚಕರಾಗಿ ಬಂದರು. 1981ರಿಂದ 1991ರವರೆಗೆ ಬಂದ ಭಕ್ತರ ಕೈಗೇ ಉಳಿ, ಸುತ್ತಿಗೆ ಕೊಟ್ಟು ಕೆತ್ತುವುದನ್ನು ಹೇಳಿಕೊಟ್ಟರು. ಶಿಲ್ಪಿಗಳಲ್ಲ, ನಮ್ಮ ನಿಮ್ಮಂಥವರು. ಒಂದೊಂದು ಮುಖವನ್ನೂ ಯಾರೋ ಒಬ್ಬರು ಕೂತು, ಕೈ ನೋಯಿಸಿಕೊಂಡು ಬಿಡಿಸಿದ್ದಾರೆ. ಪಾಚಿ ಕಟ್ಟಿದ್ದು ಆಮೇಲೆ, ವರ್ಷಗಟ್ಟಲೆ ಮಳೆಯಲ್ಲಿ.

ವಿಗ್ರಹಗಳೇ ನಗುತ್ತಿವೆ, ನಾವು ತಮಾಷೆ ಮಾಡಿದರೇನು ಅಂತ ಕೇಳಬಹುದು. ನಗಿ, ನಾನೂ ನಕ್ಕಿದ್ದೇನೆ. ನಗುವುದಕ್ಕೆ ಟೋಪಿ ಯಾಕೆ ಬೇಕು? ಮಗುವನ್ನು ಭುಜಕ್ಕೆ ಏರಿಸುವುದು ಯಾಕೆ? ನಿಮ್ಮೂರ ಗುಡಿಯ ದೇವರ ಮೇಲೆ ಹೀಗೆ ಕೂರಿಸುತ್ತೀರಾ?

ಒಂದು ಮಾತು ಹೇಳಿಬಿಡುತ್ತೇನೆ. ಅಪ್ಪ ಹೋದ ಮೇಲೆ ನಾನು ಹೇಗಿದ್ದೆ ಅಂತ ನಿಮಗೆಲ್ಲ ಗೊತ್ತು. ಇಷ್ಟೊಂದು ರಾಕಾನ್‌ಗಳ ನಡುವೆ ಹುಡುಕಿದರೆ ತೀರಿಹೋದ ನಮ್ಮವರ ಮುಖ ಸಿಗುತ್ತದೆ ಅನ್ನುವ ನಂಬಿಕೆ ಜಪಾನಿನಲ್ಲಿದೆ. ನಾನು ಅದಕ್ಕೇ ಹೋಗಿದ್ದು. ಸಾಲು ಸಾಲು ನೋಡಿದೆ. ಒಂದು ಕಡೆ ಸಿಕ್ಕಿತು ಕೂಡ. ತಲೆ ಸ್ವಲ್ಪ ವಾಲಿಸಿ, “ಊಟ ಆಯ್ತಾ ಮಗಾ” ಅನ್ನುವ ಹಾಗೆ ಬಾಯಿ ಅರ್ಧ ತೆರೆದಿತ್ತು. ಯಾರ ಅಪ್ಪನನ್ನು ನೆನೆದು ಯಾರು ಕೆತ್ತಿದ್ದೋ.

ಅವರೆಲ್ಲ ಹೋದ ಮೇಲೆ ಬಿದ್ದಿದ್ದ ಪಾಚಿಯ ಚೂರನ್ನು ಎತ್ತಿ, ಆ ಕಿವಿಯ ಪಕ್ಕ ಒತ್ತಿ ಹಿಡಿದೆ. ಬಾಟಲಿಯ ನೀರು ಚಿಮುಕಿಸಿದೆ. ನಿಲ್ಲಲಿಲ್ಲ.