ನಿಮ್ಮ ಫೋರ್ ಬೈ ಫೋರ್ ನಮ್ಮ ಹಳ್ಳದ ನೆತ್ತಿ ಮೇಲೆ ಯಾಕೆ?

ಸೋಮವಾರ ಬೆಳಗ್ಗೆ ನಲ್ಲಿ ತಿರುಗಿಸಿದರೆ ಕೆಂಪು ನೀರು. ಮಳೆಗಾಲದಲ್ಲಿ ಬಂದರೆ ನಾನು ಮಾತಾಡುತ್ತಿರಲಿಲ್ಲ, ಆಗ ಹೇಗೂ ಬರುತ್ತೆ, ನಮಗೆ ಅದು ಅಭ್ಯಾಸ. ಆದರೆ ಒಂದು ಹನಿ ಮಳೆ ಇಲ್ಲದ ಬೇಸಿಗೆ ವಾರದಲ್ಲಿ, ಹಳ್ಳ ತಿಳಿಯಾಗಿ ತಣ್ಣಗೆ ಹರಿಯಬೇಕಾದ ಹೊತ್ತಿನಲ್ಲಿ, ರಾಡಿ ನೀರು ಬರುತ್ತಿದೆ. ಶನಿವಾರ ಭಾನುವಾರ ಮೇಲೆ ಫೋರ್ ಬೈ ಫೋರ್ ಗಾಡಿಗಳು, ಅಂದರೆ ನಾಲ್ಕೂ ಗಾಲಿಗೆ ಎಂಜಿನ್ ಬಲ ಸಿಗುವ ಜೀಪಿನಂಥವು, ದಾರಿ ಬಿಟ್ಟು ಮೋಜಿಗೆ ಓಡಿಸೋದಕ್ಕೆ (ಇದನ್ನೇ ಆಫ್‌ರೋಡ್ ಅನ್ನೋದು) ಹೋಗಿವೆ ಅಂತ ಅದರಲ್ಲೇ ಗೊತ್ತಾಗುತ್ತೆ.

ಮೂಡಿಗೆರೆ ಕಡೆ ಘಟ್ಟದ ಅಂಚಿನ ಊರು ನಮ್ಮದು. ಗುಡ್ಡದ ಮೇಲೆ ಒಂದು ಒರತೆ ಇದೆ. ಅಲ್ಲಿಂದ ಕಪ್ಪು ಪೈಪ್ ಎಳೆದುಕೊಂಡಿದ್ದೇವೆ. ಮೋಟಾರ್ ಬೇಡ, ಕರೆಂಟ್ ಬೇಡ, ಇಳಿಜಾರಿಗೆ ನೀರು ತಾನಾಗಿ ಮನೆ ಬಾಗಿಲಿಗೆ ಬರುತ್ತೆ. ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪ್, ಅಷ್ಟೇ ವ್ಯತ್ಯಾಸ. ಕುಡಿಯೋದಕ್ಕೂ ಅದೇ, ಅಡುಗೆಗೂ ಅದೇ, ಕೊಟ್ಟಿಗೆಗೂ ಅದೇ.

ನೀರು ಕೆಂಪಾದಾಗ ಪೈಪಿನ ಬಾಯಿಗೆ ಕಟ್ಟಿದ ಜಾಲರಿ ತೊಳೆಯೋದಕ್ಕೆ ಮೇಲೆ ಹೋದೆ. ಒರತೆಯ ಮೇಲ್ಗಡೆ ಒಂದು ಜೌಗು ಇದೆ, ವರ್ಷವಿಡೀ ಹಸಿ ಇರುವ ಜಾಗ. ಅದರ ನಡುವೆ ಗಾಲಿ ಉಜ್ಜಿ ಉಜ್ಜಿ ಎರಡು ಗುಂಡಿ ಬಿದ್ದಿವೆ, ಮೊಣಕಾಲು ಮುಳುಗುವಷ್ಟು ಆಳ. ಹುಲ್ಲು ಬೇರು ಸಮೇತ ಎದ್ದು ಪಕ್ಕಕ್ಕೆ ಬಿದ್ದಿದೆ. ಗಾಡಿ ಹೂತುಹೋಗಿದೆ, ಎಳೆಯೋದಕ್ಕೆ ವಿಂಚ್, ಅಂದರೆ ಗಾಡಿಗೆ ಕೂರಿಸಿದ ಹಗ್ಗ ಎಳೆಯುವ ಯಂತ್ರ, ಬಿಟ್ಟಿದ್ದಾರೆ, ಅದರ ಹಗ್ಗವನ್ನು ಶೋಲಾ, ಅಂದರೆ ಗುಡ್ಡದ ಕಣಿವೆಯ ದಟ್ಟ ಕಾಡಿನ ಅಂಚಿನ ಒಂದು ನೇರಳೆ ಮರಕ್ಕೆ ಸುತ್ತಿದ್ದಾರೆ. ಮರದ ಸುತ್ತ ತೊಗಟೆ ಕಿತ್ತು ಒಳಗಿನ ಹಸಿ ಭಾಗ ಕಾಣುತ್ತಿತ್ತು. ಕೈ ಇಟ್ಟರೆ ಒದ್ದೆ. ತೊಗಟೆ ಸುತ್ತಲೂ ಹೋದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯೋದಿಲ್ಲ, ಮರ ನಿಂತಲ್ಲೇ ಒಣಗುತ್ತೆ. ಗಾಳಿ, ಮಂಜಿಗೆ ಒಡ್ಡಿಕೊಂಡು ಕುಳ್ಳಗೆ, ಗಂಟುಗಂಟಾಗಿ, ನಿಧಾನಕ್ಕೆ ಬೆಳೆಯುವ ಮರಗಳು ಇವು. ನಾನು ಹುಡುಗನಾಗಿದ್ದಾಗ ಆ ಮರ ಎಷ್ಟಿತ್ತೋ ಈಗಲೂ ಹೆಚ್ಚುಕಮ್ಮಿ ಅಷ್ಟೇ ಇದೆ. ಅರ್ಧ ಗಂಟೆಯ ಕೆಲಸಕ್ಕೆ ಅದನ್ನು ಸಾಯಿಸಿ ಹೋಗಿದ್ದಾರೆ.

ಒಮ್ಮೆ ಅವರನ್ನು ಅಲ್ಲೇ ಹಿಡಿದು ಕೇಳಿದೆ. ಐದಾರು ಗಾಡಿ, ಎಲ್ಲಕ್ಕೂ ದಪ್ಪ ಮಡ್ ಟೈರು, ಎತ್ತರಿಸಿದ ಬಾಡಿ. ಹುಡುಗರು ಒರಟರೇನೂ ಅಲ್ಲ, ಓದಿದವರು, ಮರ್ಯಾದೆಯಿಂದಲೇ ಮಾತಾಡಿದರು. "ಅಂಕಲ್, ಮ್ಯಾಪ್‌ನಲ್ಲಿ ರೋಡ್ ತೋರಿಸ್ತಿದೆ" ಅಂದ ಒಬ್ಬ. ಅದು ಹಿಂದೆ ದನ ಹೊಡೆದುಕೊಂಡು ಹೋಗುತ್ತಿದ್ದ ಕಾಲುದಾರಿ, ಯಾರೋ ಮೊದಲು ಗಾಡಿ ಹತ್ತಿಸಿ ಅದನ್ನು ರೆಕಾರ್ಡ್ ಮಾಡಿ ಹಾಕಿದ ಮೇಲೆ ಅದು ರೋಡ್ ಆಗಿದೆ. ಇನ್ನೊಬ್ಬ ಕೇಳಿದ: "ಇದು ಸರ್ಕಾರಿ ಜಾಗ ಅಲ್ವಾ ಅಂಕಲ್, ನಿಮ್ಮ ತೋಟ ಅಲ್ವಲ್ಲ?"

ಆ ಮಾತು ನನಗೆ ಇವತ್ತಿಗೂ ಉರಿಯುತ್ತೆ. ಸರ್ಕಾರಿ ಜಾಗ ಅಂದರೆ ಕೇಳುವವರಿಲ್ಲದ ಜಾಗ ಅಂತ ಯಾರು ಹೇಳಿಕೊಟ್ಟರು? ನನ್ನ ತೋಟ ಆಗಿದ್ದರೆ ಗೇಟ್ ಹಾಕುತ್ತಿದ್ದೆ, ನೀವು ಗೇಟ್ ನೋಡಿ ವಾಪಸ್ ಹೋಗುತ್ತಿದ್ದಿರಿ. ಗೇಟ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಎಲ್ಲರ ಜಾಗದ ಮೇಲೆ ನಿಮ್ಮ ನಾಲ್ಕು ಗಾಲಿ ಓಡಬೇಕಾ?

ಇವರಿಗೆ ಆ ಬೋಳು ಗುಡ್ಡ ಖಾಲಿ ಜಾಗದ ಹಾಗೆ ಕಾಣುತ್ತೆ. ಮರ ಇಲ್ಲ, ಬರೀ ಹುಲ್ಲು, ಅದರಲ್ಲಿ ಹಾಳಾಗೋದಕ್ಕೆ ಏನಿದೆ ಅಂತ. ಈ ತಪ್ಪು ಇವರೊಬ್ಬರದ್ದಲ್ಲ ಬಿಡಿ. ಹಿಂದೆ ಸರ್ಕಾರವೇ ಹುಲ್ಲುಗಾವಲನ್ನು ಪಾಳು ಜಾಗ ಅಂತ ಎಣಿಸಿ ಮಲೆನಾಡಿನ ಎಷ್ಟೋ ಗುಡ್ಡಗಳಿಗೆ ಅಕೇಶಿಯ ನೆಟ್ಟು ಹಾಳು ಮಾಡಿತ್ತು. ಆದರೆ ಇಲ್ಲಿ ಬದುಕುವವರಿಗೆ ಗೊತ್ತು, ಈ ಎತ್ತರದಲ್ಲಿ ಹುಲ್ಲು ಮತ್ತು ಕಣಿವೆಯ ಶೋಲಾ ಕಾಡು ಎರಡೂ ಸೇರಿಯೇ ನೀರು ಹಿಡಿಯೋದು. ಮೇಲೆ ತೆಳ್ಳಗೆ ಒಂದು ಪದರ ಕಪ್ಪು ಮಣ್ಣು, ಅದನ್ನು ಹುಲ್ಲಿನ ಬೇರು ಗಟ್ಟಿಯಾಗಿ ಹಿಡಿದುಕೊಂಡಿದೆ. ಸುರಿದ ಮಳೆ ಅದರೊಳಗೆ ಇಂಗಿ ತಿಂಗಳುಗಟ್ಟಲೆ ನಿಧಾನಕ್ಕೆ ಒರತೆಗೆ ಬರುತ್ತೆ. ಅದರ ಮೇಲೆ ಎರಡು ಟನ್ ಗಾಡಿ ಹತ್ತಿಸೋದು ಹಂಚಿನ ಮಾಡಿನ ಮೇಲೆ ಬೂಟು ಹಾಕಿಕೊಂಡು ಓಡಾಡಿದ ಹಾಗೆ. ಓಡಾಡುವಾಗ ಏನೂ ಆಗಿಲ್ಲ ಅನಿಸುತ್ತೆ. ಮಳೆ ಬಂದಾಗ ಒಳಗಿದ್ದವರಿಗೆ ಗೊತ್ತಾಗುತ್ತೆ.

ಗಾಲಿ ಗುರುತು ಅಲ್ಲಿಗೇ ನಿಲ್ಲೋದಿಲ್ಲ, ಇದನ್ನು ಯಾರೂ ನೋಡೋದಿಲ್ಲ, ಯಾಕೆಂದರೆ ನೋಡೋದಕ್ಕೆ ಜೂನ್‌ನಲ್ಲಿ ಮತ್ತೆ ಬರಬೇಕು, ಅದೇ ಜಾಗಕ್ಕೆ. ಮೊದಲ ಗಾಡಿ ಹುಲ್ಲು ಒತ್ತುತ್ತೆ. ಎರಡನೆಯದು ಬೇರು ಕೀಳುತ್ತೆ. ಮಳೆ ಬಿದ್ದಾಗ ಗುಡ್ಡದ ತುಂಬ ಹರಡಿ ಇಂಗಬೇಕಿದ್ದ ನೀರು ಆ ಎರಡು ಗೆರೆಗೆ ಬಂದು ಸೇರಿ ರಭಸದಿಂದ ಇಳಿಯುತ್ತೆ, ಮಣ್ಣು ಕೊಚ್ಚುತ್ತೆ, ಗೆರೆ ಚರಂಡಿ ಆಗುತ್ತೆ. ಘಟ್ಟದ ತಲೆ ಮೇಲೆ ಇಲ್ಲಿ ಮಳೆ ಲೆಕ್ಕ ಇಂಚಿನಲ್ಲಿ, ಅದೂ ನೂರರ ಮೇಲೆ. ಮುಂದಿನ ವರ್ಷ ಬಂದವರಿಗೆ ಆ ಚರಂಡಿಯಲ್ಲಿ ಗಾಡಿ ಹೋಗೋದಿಲ್ಲ, ಅವರು ಪಕ್ಕದಲ್ಲಿ ಹೊಸ ಹುಲ್ಲಿನ ಮೇಲೆ ಹತ್ತಿಸುತ್ತಾರೆ. ಹೀಗೆ ಒಂದು ಕಾಲುದಾರಿ ನಾಲ್ಕು ಗಾಡಿ ಅಗಲದ ಕೆಂಪು ಗಾಯ ಆಗಿದೆ. ನಮ್ಮ ಮನೆ ಅಂಗಳದಿಂದ ಕಾಣುತ್ತೆ.

2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡಗಳು ಜಾರಿದ್ದು ನೆನಪಿದೆಯಾ? ಮಲೆಮನೆ ಅನ್ನೋ ಊರಿನಲ್ಲಿ ಮನೆಗಳೇ ಹೋದವು, ಚಾರ್ಮಾಡಿ ಘಾಟಿ ಮುಚ್ಚಿತು. ಜೀಪ್ ಓಡಿಸಿದ್ದಕ್ಕೇ ಗುಡ್ಡ ಕುಸಿಯಿತು ಅಂತ ನಾನು ಹೇಳುತ್ತಿಲ್ಲ, ಅಂಥ ಮಳೆ ಸುರಿದಿತ್ತು. ಆದರೆ ಈ ಮಣ್ಣು ಎಷ್ಟು ಸೂಕ್ಷ್ಮ ಅಂತ ಕಣ್ಣಾರೆ ಕಂಡ ಮೇಲೂ ಅದರ ಮೇಲೆಯೇ ಚರಂಡಿ ಕೊರೆಯೋದನ್ನು ಸುಮ್ನೆ ನೋಡಿಕೊಂಡು ಕೂರೋದು ಹೇಗೆ?

ಇನ್ನು ಗುರ್ಗಿ ಹೂವು, ಅಂದರೆ ನೀಲಕುರಿಂಜಿ. 2022ರಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನಲ್ಲಿ ಅರಳಿದಾಗ ರಾಜ್ಯದ ಎಲ್ಲ ಕಡೆಯಿಂದ ಜನ ಬಂದು ಫೋಟೊ ತೆಗೆದುಕೊಂಡು ಹೋದರು. ಆ ಗಿಡ ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ, ಸತ್ತುಹೋಗುತ್ತೆ. ಮುಂದಿನ ಹೂವು 2034ಕ್ಕೆ. ಅದು ಅರಳಬೇಕಿರೋದು ಈಗ ಹುಲ್ಲಿನ ನಡುವೆ ಎದ್ದು ನಿಂತಿರುವ ಸಸಿಗಳಿಂದ. ಆ ಸಸಿಯನ್ನು ಯಾರೂ ಫೋಟೊ ತೆಗೆಯೋದಿಲ್ಲ, ಹೂವಿಲ್ಲದ ಸಾದಾ ಗಿಡ. ಅದರ ಮೇಲೆಯೇ ಗಾಡಿ ಹತ್ತಿಸಿ, 2034ರಲ್ಲಿ ಮತ್ತೆ ಕ್ಯಾಮೆರಾ ಹಿಡಿದು ಬರುವವರು ಇವರೇ. ಹುಲ್ಲಿನಲ್ಲೇ ಗೂಡು ಕಟ್ಟುವ ಹಕ್ಕಿಗಳ ಕಥೆಯೂ ಅಷ್ಟೇ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಸಂಸಾರ ಮಾಡದ, ಅಗಲ ಬಾಲದ ಒಂದು ಪುಟ್ಟ ಹುಲ್ಲುಹಕ್ಕಿ ಮಳೆಗಾಲದಲ್ಲೇ ಉದ್ದ ಹುಲ್ಲಿನ ಬುಡದಲ್ಲಿ ಮೊಟ್ಟೆ ಇಡುತ್ತೆ. ಇವರಿಗೆ ಕೆಸರು ಬೇಕಾಗಿರೋದೂ ಅದೇ ಹೊತ್ತಿಗೆ.

ಕಾನೂನು ಇಲ್ಲ ಅಂತೀರಾ? ಇದೆ. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಮೀಸಲು ಅರಣ್ಯಕ್ಕೆ ಅತಿಕ್ರಮ ಪ್ರವೇಶ ಅಪರಾಧ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ. ಗಾಡಿಯನ್ನು ಕಂಪನಿಯಿಂದ ಬಂದ ರೂಪಕ್ಕಿಂತ ಬೇರೆ ಮಾಡಿಸೋದಕ್ಕೂ ಮೋಟಾರು ವಾಹನ ಕಾಯ್ದೆಯಲ್ಲಿ ತಡೆ ಇದೆ. ಆದರೆ ಇದೆಲ್ಲ ಯಾರಿಗೆ ಅನ್ವಯ ಆಗುತ್ತೆ ನೋಡಿ. ನಮ್ಮೂರಿನವರು ಕಾಡಿನಿಂದ ಒಂದು ಹೊರೆ ಸೌದೆ ತಂದರೆ ಕೇಸು. ಮನೆಗೆ ಹೋಗುವ ದಾರಿಗೆ ಎರಡು ಲೋಡ್ ಜಲ್ಲಿ ಹಾಕಿದರೆ ನೋಟಿಸ್. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಚಾರಣವನ್ನೇ ಕೆಲಕಾಲ ನಿಲ್ಲಿಸಿದರು, ಆಮೇಲೆ ಆನ್‌ಲೈನ್ ಬುಕಿಂಗ್ ಮಾಡಿ ದಿನಕ್ಕೆ 300 ಜನ ಅಂತ ಮಿತಿ ಹಾಕಿದರು. ಒಳ್ಳೆಯದೇ ಮಾಡಿದರು. ಆದರೆ ನಡೆದು ಹತ್ತುವವನಿಗೆ ಮಿತಿ, ಬುಕಿಂಗ್, ಗುರುತಿನ ಚೀಟಿ, ಚೀಲ ತಪಾಸಣೆ. ಪಕ್ಕದ ಗುಡ್ಡಕ್ಕೆ ಎಂಜಿನ್ ಸದ್ದು ಮಾಡಿಕೊಂಡು ಹತ್ತುವವನಿಗೆ ಕೇಳುವವರೇ ಇಲ್ಲ. ಇದು ಯಾವ ನ್ಯಾಯ?

ದೂರು ಕೊಟ್ಟೆ. ಒಂದು ಕಚೇರಿಯಲ್ಲಿ "ಆ ಭಾಗ ನಮಗೆ ಬರೋದಿಲ್ಲ, ಕಂದಾಯ ಜಾಗ" ಅಂದರು. ಅಲ್ಲಿಗೆ ಹೋದರೆ "ಸೆಕ್ಷನ್ ನಾಲ್ಕು ಆಗಿದೆ, ಅರಣ್ಯದವರನ್ನೇ ಕೇಳಿ" ಅಂದರು. ಸೆಕ್ಷನ್ ನಾಲ್ಕು ಅಂದರೆ ಆ ಜಾಗವನ್ನು ಮೀಸಲು ಅರಣ್ಯ ಮಾಡುತ್ತೇವೆ ಅಂತ ಅರಣ್ಯ ಕಾಯ್ದೆಯಡಿ ಹೊರಡಿಸುವ ಮೊದಲ ಅಧಿಸೂಚನೆ. ತೋಟ ಒತ್ತುವರಿ ವಿಷಯ ಬಂದರೆ ಇಬ್ಬರೂ ಒಟ್ಟಿಗೆ ಸರ್ವೆಗೆ ಬರುತ್ತಾರೆ, ಆಗ ಯಾರ ಜಾಗ ಅಂತ ಅನುಮಾನ ಇರೋದಿಲ್ಲ. ಕೆಳಗಿನ ನೌಕರರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕಡೆ ಇರುವ ಅರಣ್ಯ ವಾಚರ್ ದಿನಗೂಲಿ ಮೇಲೆ ಇದ್ದಾನೆ, ಕೈಯಲ್ಲಿ ಒಂದು ಕತ್ತಿ, ಕಾಲಲ್ಲಿ ಹರಿದ ಗಮ್‌ಬೂಟು. "ಅಣ್ಣಾ, ನಾನು ಓಡಿ ಅವರ ಗಾಡಿ ಹಿಡಿಯೋದು ಹೇಗೆ?" ಅಂದ. ಒಮ್ಮೆ ಅಡ್ಡ ನಿಂತಿದ್ದನಂತೆ. ಗಾಡಿಯವರು ಯಾರಿಗೋ ಫೋನ್ ಮಾಡಿ ಅವನ ಕೈಗೇ ಕೊಟ್ಟರಂತೆ.

ಇದನ್ನು ಎಲ್ಲಾದರೂ ಹೇಳಿದರೆ ತಕ್ಷಣ ಬರುವ ಮಾತು, "ಸ್ಥಳೀಯರಿಗೂ ದುಡ್ಡು ಬರುತ್ತಲ್ಲ". ಬರುತ್ತೆ, ನಿಜ. ನಮ್ಮೂರ ಹುಡುಗರೂ ಜೀಪ್ ಬಾಡಿಗೆ ಓಡಿಸುತ್ತಾರೆ. ಕಾಳುಮೆಣಸಿಗೆ ರೋಗ, ಕಾಫಿ ಕೆಲಸಕ್ಕೆ ಆಳಿಲ್ಲ, ಅವರು ಏನು ಮಾಡಬೇಕು? ಆದರೆ ಅವರಲ್ಲಿ ಬಹಳ ಜನ ದಾರಿ ಬಿಟ್ಟು ಗಾಡಿ ಇಳಿಸೋದಿಲ್ಲ, ಆ ಗಾಡಿಯೇ ಅವರ ಅನ್ನ, ಅದನ್ನು ಜೌಗಿಗೆ ಇಳಿಸಿ ಆಕ್ಸೆಲ್ ಮುರಿದುಕೊಳ್ಳುವ ಹುಚ್ಚು ಅವರಿಗಿಲ್ಲ. ಅವರಿಗೆ ದಾರಿ ಗೊತ್ತುಮಾಡಿ, ಸಂಖ್ಯೆ ಗೊತ್ತುಮಾಡಿ, ಪರವಾನಗಿ ಕೊಟ್ಟರೆ ಅವರೇ ಗುಡ್ಡ ಕಾಯುತ್ತಾರೆ. ತಪ್ಪು ಮಾಡುತ್ತಿರೋದು ಬೆಟ್ಟವನ್ನೇ ಪ್ಯಾಕೇಜ್ ಮಾಡಿ ಮಾರುವ ಹೊರಗಿನ ಸಂಘಟಕರು, ಮತ್ತೆ "ಕ್ಯಾಂಪ್‌ಫೈರ್, ಆಫ್‌ರೋಡ್, ವಾಟರ್ ಕ್ರಾಸಿಂಗ್ ಎಲ್ಲ ಸೇರಿ ತಲೆಗೆ ಇಷ್ಟು" ಅಂತ ಬೋರ್ಡ್ ಹಾಕುವ ಕೆಲವು ಹೋಂಸ್ಟೇಯವರು. ಅವರಲ್ಲಿ ನಮ್ಮವರೂ ಇದ್ದಾರೆ, ಅವರಿಗೂ ಇದೇ ಮಾತು.

"ನಿಮ್ಮ ದನ ಮೇಯೋದಿಲ್ವಾ?" ಅಂತಲೂ ಕೇಳುತ್ತಾರೆ. ಮೇಯುತ್ತಿದ್ದವು. ಗೊರಸಿಗೂ ದಾರಿ ಬೀಳುತ್ತೆ, ಒಪ್ಪಿದೆ. ಈಗ ಊರಲ್ಲಿ ದನವೇ ಕಮ್ಮಿ, ಆ ಹಳೆಯ ದಾರಿಗಳ ಮೇಲೆ ಹುಲ್ಲು ಬಂದು ಮುಚ್ಚಿತ್ತು. ಮುಚ್ಚಿದ್ದನ್ನು ಮತ್ತೆ ತೆರೆದಿದ್ದು ನಿಮ್ಮ ಟೈರು.

ಇನ್ನು ಕೆಲವರು ಅಮೆರಿಕ ತೋರಿಸುತ್ತಾರೆ, ಅಲ್ಲಿ ಸರ್ಕಾರಿ ಜಮೀನಿನಲ್ಲಿ ಆಫ್‌ರೋಡ್‌ಗೆ ಎಷ್ಟೊಂದು ದಾರಿ ಬಿಟ್ಟಿದ್ದಾರೆ ನೋಡಿ ಅಂತ. ಪೂರ್ತಿ ನೋಡಿ ಸ್ವಾಮಿ. ಅಲ್ಲಿ 1964ರ ಕಾನೂನಿನ ಪ್ರಕಾರ ಕಾಡುಭೂಮಿ ಅಂತ ಘೋಷಿಸಿದ ಜಾಗಕ್ಕೆ ಯಾರೂ ಮೋಜಿಗೆ ಮೋಟಾರು ಗಾಡಿ ತರುವ ಹಾಗಿಲ್ಲ, ಸೈಕಲ್ ಕೂಡ ಬಿಡೋದಿಲ್ಲ. ಉಳಿದ ಸರ್ಕಾರಿ ಜಮೀನಿನಲ್ಲೂ ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಅಂತ ಗುರುತು ಮಾಡಿ ಅಂತ 1972ರಲ್ಲೇ ಅಧ್ಯಕ್ಷ ನಿಕ್ಸನ್ ಆದೇಶ ಮಾಡಿದರು. ಅಲ್ಲಿಯೂ ಜಗಳ ಇನ್ನೂ ಮುಗಿದಿಲ್ಲ, ಆದರೆ ಕನಿಷ್ಠ ನಕ್ಷೆ ಇದೆ. ನಮ್ಮಲ್ಲಿ ನಕ್ಷೆಯೂ ಇಲ್ಲ, ಬೋರ್ಡೂ ಇಲ್ಲ.

ನನಗೆ ಗಾಡಿಯ ಮೇಲೆ ದ್ವೇಷ ಇಲ್ಲ. ನಮ್ಮ ಮನೆಯಲ್ಲೂ ಹಳೆಯ ಜೀಪ್ ಇದೆ, ಅದಿಲ್ಲದೆ ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗೋದು ಕಷ್ಟ. ಕೆಸರಲ್ಲಿ ಓಡಿಸುವ ಆಸೆ ಇದ್ದರೆ ಖಾಸಗಿ ಎಸ್ಟೇಟಿನಲ್ಲಿ ಒಪ್ಪಿಗೆ ತೆಗೆದುಕೊಂಡು ಟ್ರ್ಯಾಕ್ ಮಾಡಿ ಓಡಿಸಿ, ಹಾಗೆ ನಡೆಸುವವರೂ ಇದ್ದಾರೆ. ಈ ಗುಡ್ಡದ ನೆತ್ತಿ ಮಾತ್ರ ಬೇಡ. ಬಲ್ಲಾಳರಾಯನ ದುರ್ಗದ ಬದಿಯಲ್ಲಿ ಹುಟ್ಟುವ ಹೇಮಾವತಿ ಗೊರೂರು ಅಣೆಕಟ್ಟು ತುಂಬಿ ತುಮಕೂರಿಗೆ ಹೋಗುತ್ತೆ, ಕಾವೇರಿ ಸೇರುತ್ತೆ, ಅದೇ ಕಾವೇರಿ ಬೆಂಗಳೂರಿನ ನಲ್ಲಿಗೆ ಬರುತ್ತೆ. ಕುದುರೆಮುಖದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಆ ಕುದುರೆಮುಖದಲ್ಲಿ ಗಣಿ ನಿಲ್ಲಿಸೋದಕ್ಕೆ ಜನ ವರ್ಷಗಟ್ಟಲೆ ಹೋರಾಡಿ ಸುಪ್ರೀಂ ಕೋರ್ಟ್‌ವರೆಗೆ ಹೋದರು, 2005ರ ಕೊನೆಗೆ ಗಣಿ ನಿಂತಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಸಾಲು ಇದು.

ಅಧಿಕಾರಿಗಳಿಗೆ ನಾನು ಕೇಳುತ್ತಿರೋದು ದೊಡ್ಡ ಯೋಜನೆ ಅಲ್ಲ. ಗಾಡಿ ಹತ್ತುವ ಬಾಯಿಗಳು ಎಲ್ಲಿವೆ ಅಂತ ಊರಿನ ಯಾವ ಮಗುವನ್ನು ಕೇಳಿದರೂ ತೋರಿಸುತ್ತೆ. ಅಲ್ಲಿ ಜೆಸಿಬಿ ತಂದು ಅಡ್ಡ ಟ್ರೆಂಚ್ ಹೊಡೆಯಿರಿ, ದೊಡ್ಡ ಬಂಡೆ ಇಡಿ. ಆಗಿರುವ ಚರಂಡಿಗಳಿಗೆ ಜೂನ್ ಒಳಗೆ ಅಡ್ಡಡ್ಡ ಕಲ್ಲು, ಕೊಂಬೆ ಕಟ್ಟಿ, ನೀರಿನ ರಭಸ ಮುರಿಯಲಿ, ಮಣ್ಣು ನಿಲ್ಲಲಿ. ಅದಕ್ಕೆ ಊರಿನವರು ಬರುತ್ತೇವೆ, ಕೂಲಿ ಬೇಡ. ಸಾಕ್ಷಿ ಬೇಕು ಅಂದರೆ ಅವರೇ ವಿಡಿಯೊ ಮಾಡಿ ಹಾಕಿದ್ದಾರೆ, ಮುಖ ಕಾಣುತ್ತೆ, ನಂಬರ್ ಪ್ಲೇಟ್ ಕಾಣುತ್ತೆ, ಹಿಂದೆ ಯಾವ ಗುಡ್ಡ ಅಂತಲೂ ಕಾಣುತ್ತೆ. ಅವನ್ನೆಲ್ಲ ಸೇವ್ ಮಾಡಿ ದೂರಿನ ಜೊತೆ ಕೊಟ್ಟಿದ್ದೇನೆ, ಸ್ವೀಕೃತಿ ಪತ್ರವೂ ಇದೆ. ಕೇಸ್ ಹಾಕಿ. ಹಾಕದಿದ್ದರೆ ಯಾಕೆ ಹಾಕಿಲ್ಲ ಅಂತ ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ, ಅರ್ಜಿ ಬರೆದಿಟ್ಟಾಗಿದೆ.